ಗಿಲೀಟು ಯುಗದ ಅಮೆರಿಕ: ಬೆಲೆ ಇಳೀತಿತ್ತು, ಉತ್ಪಾದನೆ ಏರ್ತಿತ್ತು, ದುಡ್ಡು ಒಂದೇ ಕಡೆ ಸೇರಿದ್ದು ಹೇಗೆ?

ಎಮ್ಮೆಕೆರೆ_ಓದುಗ:
1870ರಿಂದ 1900ರವರೆಗಿನ ಅಮೆರಿಕಕ್ಕೆ ‘ಗಿಲ್ಡೆಡ್ ಏಜ್’ ಅಂತಾರೆ. 1873ರ ಒಂದು ಕಾದಂಬರಿಯ ಹೆಸರೇ ಆ ಕಾಲಕ್ಕೂ ಅಂಟಿಕೊಂಡಿತು. ಇದನ್ನು ‘ಸುವರ್ಣಯುಗ’ ಅಂದುಬಿಟ್ಟರೆ ಅರ್ಥವೇ ತಿರುಗಾಮುರುಗಾ. ಒಳಗೆ ತಾಮ್ರ, ಮೇಲೆ ಗಿಲೀಟು, ಅದಕ್ಕೇ ಆ ಹೆಸರು.

ನನ್ನ ಪ್ರಶ್ನೆ ಇಷ್ಟು. ಉಕ್ಕು, ಸೀಮೆಎಣ್ಣೆ, ರೈಲು ಬಾಡಿಗೆ, ಗೋಧಿ ಎಲ್ಲದರ ಬೆಲೆಯೂ ಆ ಮೂವತ್ತು ವರ್ಷ ಇಳೀತಾನೇ ಹೋಯ್ತು. ಕೊಳ್ಳುವವನಿಗೆ ಲಾಭ ತಾನೇ? ಆದರೂ 1890ರ ಜನಗಣತಿ ಇಟ್ಟುಕೊಂಡು ಜಾರ್ಜ್ ಹೋಮ್ಸ್ ಹಾಕಿದ ಅಂದಾಜಿನಲ್ಲಿ ಶೇ 9ರಷ್ಟು ಕುಟುಂಬಗಳ ಕೈಯಲ್ಲಿ ಶೇ 71ರಷ್ಟು ಸಂಪತ್ತು. ದಯವಿಟ್ಟು ‘ದುರಾಸೆ’ ಅನ್ನೋ ಉತ್ತರ ಬೇಡ, ಅದು ಎಲ್ಲ ಕಾಲದಲ್ಲೂ ಇತ್ತು. ದುಡ್ಡು ಯಾವ ಕಾಲುವೆಯಲ್ಲಿ ಹರೀತು ಅಂತ ಲೆಕ್ಕ ಸಮೇತ ಹೇಳಿ.

ಬೀಡುಕಬ್ಬಿಣ:
ಉಕ್ಕಿನಿಂದ ಶುರು ಮಾಡೋಣ. ಅದಕ್ಕೂ ಮೊದಲು ಇದ್ದದ್ದು ಪಡ್ಲಿಂಗ್. ಸುಮಾರು 500 ಪೌಂಡ್ ಬೀಡು ಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸಿ, ಒಬ್ಬ ಪಡ್ಲರ್ ಉದ್ದನೆಯ ಸಲಾಕೆ ಹಿಡಿದು ಕಲಕುತ್ತಾ ಕೂರಬೇಕು. ಇಂಗಾಲ ಸುಟ್ಟುಹೋದಂತೆ ಲೋಹ ಗಂಟುಕಟ್ಟಿ ಮುದ್ದೆಯಾಗುತ್ತದೆ. ಯಾವಾಗ ಎತ್ತಬೇಕು ಅನ್ನೋದು ಅವನ ಕಣ್ಣಿಗೂ ತೋಳಿಗೂ ಮಾತ್ರ ಗೊತ್ತು. ಪುಸ್ತಕದಲ್ಲಿ ಬರೆದಿಡುವ ವಿದ್ಯೆ ಅಲ್ಲ, ಹಾಗಾಗಿ ಕೂಲಿ ಮಾತಾಡುವಾಗ ಅವನ ಮಾತು ನಡೀತಿತ್ತು.

ಬೆಸೆಮರ್ ವಿಧಾನ ಬಂದ ಮೇಲೆ ಅದೇ ಕೆಲಸ ಟನ್ನುಗಟ್ಟಲೆ. ಪೇರಲೆ ಹಣ್ಣಿನ ಆಕಾರದ ಪಾತ್ರೆಯನ್ನು ಮಗ್ಗುಲಿಗೆ ಬಗ್ಗಿಸಿ ಐದಾರು ಟನ್ ಕರಗಿದ ಬೀಡು ಸುರೀತಾರೆ, ತಳದ ತೂತುಗಳಿಂದ ಗಾಳಿ ಊದುತ್ತಾ ಪಾತ್ರೆಯನ್ನು ನೆಟ್ಟಗೆ ನಿಲ್ಲಿಸ್ತಾರೆ. ಬೇರೆ ಇಂಧನ ಬೇಡ. ಮೊದಲು ಸಿಲಿಕಾನ್, ಮ್ಯಾಂಗನೀಸ್ ಉರಿಯುತ್ತವೆ, ಕಿಡಿ ಹಾರುತ್ತವೆ. ಆಮೇಲೆ ಇಂಗಾಲದ ಸರದಿ, ಬಾಯಲ್ಲಿ ಉದ್ದನೆಯ ಬಿಳಿ ಜ್ವಾಲೆ. ಹತ್ತು–ಹದಿನೈದು ನಿಮಿಷದಲ್ಲಿ ಆ ಜ್ವಾಲೆ ತಟ್ಟನೆ ಕುಗ್ಗುತ್ತದೆ. ಆ ಕ್ಷಣಕ್ಕೆ ಗಾಳಿ ನಿಲ್ಲಬೇಕು. ತಡವಾದರೆ ಲೋಹದಲ್ಲಿ ಆಮ್ಲಜನಕ ತುಂಬಿಕೊಂಡು, ಕೆಂಪಗೆ ಕಾಯಿಸಿ ಉರುಳೆಗೆ ಕೊಟ್ಟಾಗ ಸೀಳುತ್ತದೆ. ಅದನ್ನು ಸರಿಮಾಡಲು ಕೊನೆಗೆ ಸ್ಪೀಗೆಲ್ ಅನ್ನೋ ಮ್ಯಾಂಗನೀಸ್ ಬೆರೆತ ಬೀಡು ಹಾಕ್ತಾರೆ. ಬೇಕಾದಷ್ಟು ಇಂಗಾಲ ವಾಪಸ್ ಬರುತ್ತದೆ, ಆಮ್ಲಜನಕ ಹೊರಟುಹೋಗುತ್ತದೆ. ಬೀಡಿನಲ್ಲಿ ಸಿಲಿಕಾನ್ ಕಡಿಮೆ ಇದ್ದರೆ ಸಾಕಷ್ಟು ಬಿಸಿ ಏರದೆ ಲೋಹ ಪಾತ್ರೆಯಲ್ಲೇ ಹೆಪ್ಪುಗಟ್ಟುವುದೂ ಉಂಟು.

ಇದರ ಶತ್ರು ರಂಜಕ. ಹಳೇ ಬಗೆಯ ಒಳಪದರದ ಪಾತ್ರೆಯಲ್ಲಿ ಅದು ಹೋಗುವುದೇ ಇಲ್ಲ, ಉಳಿದರೆ ಚಳಿಗಾಲದಲ್ಲಿ ಹಳಿ ಗಾಜಿನ ಹಾಗೆ ಮುರಿಯುತ್ತದೆ. ಬೀಡಿನಲ್ಲಿ ಶೇ 0.1ರ ಒಳಗಿರಬೇಕು. ಹಾಗಾಗಿ ಲೇಕ್ ಸುಪೀರಿಯರ್ ಕಡೆಯ ಕಡಿಮೆ ರಂಜಕದ ಅದಿರು ಯಾರ ಕೈಲಿದೆಯೋ ಅವರದೇ ಆಟ.

1875ರಲ್ಲಿ ಪೆನ್ಸಿಲ್ವೇನಿಯಾದ ಬ್ರ್ಯಾಡಕ್‌ನಲ್ಲಿ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಕಾರ್ಖಾನೆ ಶುರುವಾಯ್ತು. ವಿನ್ಯಾಸ ಅಲೆಕ್ಸಾಂಡರ್ ಹಾಲಿಯದು. ಅವನ ದೊಡ್ಡ ಉಪಾಯ ಬಿಚ್ಚಿ ತೆಗೆಯುವ ತಳ. ಗಾಳಿತೂತಿನ ತಳ ಬೇಗ ಸವೆಯುತ್ತದೆ, ಮೊದಲು ಅದನ್ನು ಒಳಗಿಳಿದು ರಿಪೇರಿ ಮಾಡುವಷ್ಟು ಪಾತ್ರೆ ಆರುವವರೆಗೆ ಕಾಯಬೇಕಿತ್ತು. ಅವನು ಸವೆದ ತಳ ಕಳಚಿ, ಹೊಸದು ಜೋಡಿಸಿ, ಪಾತ್ರೆ ಬಿಸಿ ಇರುವಾಗಲೇ ಮುಂದಿನ ಊದು ಶುರು ಮಾಡಿಸಿದ. ಉಕ್ಕಿನ ಹಳಿ 1867ರಲ್ಲಿ ಟನ್ನಿಗೆ 160 ಡಾಲರ್ ಮೀರಿತ್ತು, 1898ಕ್ಕೆ 18 ಡಾಲರ್ ಒಳಗೆ ಬಂತು.

ಎಮ್ಮೆಕೆರೆ_ಓದುಗ:
ಸರಿ ಸರ್, ಇದು ತಂತ್ರಜ್ಞಾನದ ಕಥೆ. ಅಗ್ಗವಾದರೆ ಲಾಭವೂ ಕಡಿಮೆಯಾಗಬೇಕಿತ್ತಲ್ಲ?

ಬೀಡುಕಬ್ಬಿಣ:
ಬೆಲೆ ಇಳಿದದ್ದಕ್ಕಿಂತ ಖರ್ಚು ಬೇಗ ಇಳಿಯಿತು. ಜೊತೆಗೆ ಇನ್ನೊಂದು ಗೋಡೆ ಇತ್ತು. 1870ರ ಸುಂಕದ ಕಾಯ್ದೆಯಲ್ಲಿ ಪರದೇಶದ ಉಕ್ಕಿನ ಹಳಿಗೆ ಟನ್ನಿಗೆ 28 ಡಾಲರ್ ಆಮದು ಸುಂಕ. ಶೇಕಡಾವಾರು ಅಲ್ಲ, ಟನ್ನಿಗೆ ಇಂತಿಷ್ಟು ಅಂತ. ಬೆಲೆ ಇಳಿದಷ್ಟೂ ಅದೇ 28 ದೊಡ್ಡ ಗೋಡೆಯಾಗುತ್ತಾ ಹೋಗುತ್ತದೆ ನೋಡಿ. 1883ರಲ್ಲಿ ಅದನ್ನು 17ಕ್ಕೆ ಇಳಿಸುವ ಹೊತ್ತಿಗೆ ಒಳಗಿನವರು ಚೆನ್ನಾಗಿ ಬೇರು ಬಿಟ್ಟಿದ್ದರು.

ಕರಾರುಪತ್ರ:
ಯಂತ್ರದ ಮಾತು ಮುಗಿದಿದ್ದರೆ ಕರಾರಿನ ಮಾತು ಆಡೋಣ. ಈ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ ಅಂತ ನನ್ನ ವಾದ. 1892ರಲ್ಲಿ ಕಾರ್ನೆಗಿಯ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ನಡೆದ ಜಗಳ ಅಂದ್ರೆ ಎಲ್ಲರೂ ಗುಂಡು ಹಾರಿದ್ದನ್ನೇ ಹೇಳ್ತಾರೆ. ಜುಲೈ 6ರಂದು ಮೊನೊಂಗಹೇಲಾ ನದಿಯಲ್ಲಿ ಎರಡು ದೋಣಿಗಳಲ್ಲಿ ಪಿಂಕರ್ಟನ್ ಅನ್ನೋ ಖಾಸಗಿ ಸಂಸ್ಥೆಯ 300 ಜನ ಕಾವಲುಗಾರರು ಬಂದರು, ಎರಡೂ ಕಡೆ ಹೆಣ ಬಿತ್ತು, ಗವರ್ನರ್ ರಾಜ್ಯದ ಪಡೆ ಕಳಿಸಿದ. ಅದೆಲ್ಲ ಹೌದು. ಜಗಳ ಯಾತಕ್ಕೆ ಅಂತ ಕರಾರು ಓದಿದರೆ ಗೊತ್ತಾಗುತ್ತೆ.

1889ರ ಒಪ್ಪಂದದಲ್ಲಿ ಕೂಲಿ ‘ಜಾರುವ ದರ’ದ ಮೇಲೆ ಇತ್ತು. ಅಂದರೆ ಟನ್ನಿಗೆ ಕೊಡುವ ಕೂಲಿಯನ್ನು ಬೆಸೆಮರ್ ಬಿಲೆಟ್‌ನ ಪೇಟೆ ಬೆಲೆಗೆ ಕಟ್ಟಿದ್ದರು. ಬಿಲೆಟ್ ಅಂದ್ರೆ ನಾಲ್ಕಿಂಚು ಚೌಕದ ಉಕ್ಕಿನ ಬಾರು. ಬೆಲೆ ಏರಿದರೆ ಕೂಲಿ ಏರುತ್ತೆ, ಇಳಿದರೆ ಇಳಿಯುತ್ತೆ, ಆದರೆ 25 ಡಾಲರಿಗಿಂತ ಕೆಳಗೆ ಬೆಲೆ ಬಿದ್ದರೂ ಕೂಲಿ 25ರ ಮಟ್ಟದಲ್ಲೇ ನಿಲ್ಲಬೇಕು. ಇದೇ ತಳ. 1892ರಲ್ಲಿ ಕಾರ್ನೆಗಿ ಕಂಪನಿ ನಡೆಸುತ್ತಿದ್ದ ಫ್ರಿಕ್ ಆ ತಳವನ್ನು 22ಕ್ಕೆ ಇಳಿಸಿ ಅಂದ. ಕೆಲಸಗಾರರ ಸಂಘ 24 ಅಂದಿತು. ಫ್ರಿಕ್ 23ಕ್ಕೆ ಬಂದ. ಉಳಿದ ಅಂತರ ಒಂದೇ ಒಂದು ಡಾಲರ್.

ಆದರೆ ಫ್ರಿಕ್ ಪಟ್ಟಿಯಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ಷರತ್ತಿತ್ತು: ಒಪ್ಪಂದ ಮುಗಿಯುವ ದಿನವನ್ನು ಜೂನ್ 30ರಿಂದ ಡಿಸೆಂಬರ್ 31ಕ್ಕೆ ಹಾಕಬೇಕು. ಜೂನ್‌ನಲ್ಲಿ ಮುಷ್ಕರ ಹೂಡಿದರೆ ತರಕಾರಿ ಹಿತ್ತಲಲ್ಲಿ ಬೆಳೆಯುತ್ತೆ, ಕಲ್ಲಿದ್ದಲು ಬೇಡ, ಮಕ್ಕಳು ಬೆಚ್ಚಗಿರ್ತಾರೆ. ಪೆನ್ಸಿಲ್ವೇನಿಯಾದ ಜನವರಿಯಲ್ಲಿ ಒಂದು ವಾರ ಒಲೆ ಆರಿದರೆ ಸಂಘ ಮುರಿಯುತ್ತೆ. ಒಂದು ತಾರೀಖು ಬದಲಿಸಿದರೆ ಮುಂದಿನ ಎಲ್ಲ ಮಾತುಕತೆಯಲ್ಲೂ ಮೇಲುಗೈ.

ಇನ್ನೊಂದು ಸಂಗತಿ. ಸುಮಾರು 3,800 ಕೆಲಸಗಾರರಲ್ಲಿ ಸಂಘದ ಸದಸ್ಯರು ಎಂಟುನೂರರ ಒಳಗೆ, ಹೊಸ ದರ ನೇರವಾಗಿ ತಟ್ಟುತ್ತಿದ್ದುದು 325 ಜನಕ್ಕೆ. ಆದರೂ ಉಳಿದ ಮೂರು ಸಾವಿರ ಜನ ಜೊತೆಗೆ ಹೊರಬಂದರು. ನವೆಂಬರ್‌ನಲ್ಲಿ ಸೋತರು.

ಹಳಿ_ಲೆಕ್ಕ:
ತಾರೀಖಿನ ವಿಷಯ ಚೆನ್ನಾಗಿ ಹಿಡಿದಿದ್ದೀರಿ. ಒಂದು ಸೇರಿಸ್ತೀನಿ: ಕೆಲಸಗಾರರು ಹೊರಬರುವ ಮೊದಲೇ ಕಾರ್ಖಾನೆ ಸುತ್ತ ಮೂರು ಮೈಲಿ ಉದ್ದದ, ಹನ್ನೊಂದು ಅಡಿಗೂ ಎತ್ತರದ ಬೇಲಿ ಎದ್ದಿತ್ತು. ಬೇಲಿ ಕಟ್ಟೋದಕ್ಕೆ ಹಲಗೆ, ದಿನ, ಬಡಗಿ ಬೇಕು. ಮಾತುಕತೆ ನಡೀತಿದ್ದಾಗಲೇ ಫಲಿತಾಂಶ ನಿಗದಿಯಾಗಿತ್ತು ಅನ್ನೋಕೆ ಆ ಬೇಲಿಯೇ ಸಾಕ್ಷಿ.

ಸೀಮೆಎಣ್ಣೆಬುಡ್ಡಿ:
ಎಣ್ಣೆ ನನಗೆ ಬಿಡಿ.

1872ರ ‘ಸೌತ್ ಇಂಪ್ರೂವ್‌ಮೆಂಟ್ ಕಂಪನಿ’. ಹೆಸರು ಕೇಳಿದ್ರೆ ಯಾವುದೋ ಊರು ಸುಧಾರಣಾ ಸಂಘ ಅನ್ನಿಸ್ಬೇಕು, ಹಾಗೇ ಇಟ್ಟಿದ್ದು. ಸ್ಟ್ಯಾಂಡರ್ಡ್ ಆಯಿಲ್‌ನ ರಾಕ್‌ಫೆಲರ್ ಗುಂಪು ಮತ್ತೆ ಮೂರು ರೈಲ್ವೆಗಳ ನಡುವೆ ಗುಟ್ಟಿನ ಕರಾರು. ಎಣ್ಣೆ ಸಾಗಣೆಯಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಗೆ ಶೇ 45, ಈರಿ ರೈಲ್ವೆಗೆ 27.5, ನ್ಯೂಯಾರ್ಕ್ ಸೆಂಟ್ರಲ್‌ಗೆ 27.5 ಪಾಲು.

ದರ ಹೀಗಿತ್ತು. ಬಾವಿ ಪ್ರದೇಶದಿಂದ ಕ್ಲೀವ್‌ಲ್ಯಾಂಡಿಗೆ ಒಂದು ಪೀಪಾಯಿ ಕಚ್ಚಾ ಎಣ್ಣೆಗೆ 80 ಸೆಂಟ್. ಕರಾರಿನ ಒಳಗಿನವರಿಗೆ ಅದರಲ್ಲಿ 40 ವಾಪಸ್, ಇದೇ ರಿಬೇಟ್. ಶುದ್ಧ ಮಾಡಿದ ಎಣ್ಣೆ ಕ್ಲೀವ್‌ಲ್ಯಾಂಡಿನಿಂದ ನ್ಯೂಯಾರ್ಕಿಗೆ 2 ಡಾಲರ್, ಒಳಗಿನವರಿಗೆ 50 ಸೆಂಟ್ ವಾಪಸ್. ಇಲ್ಲೀತನಕ ನಮ್ಮೂರ ಸಗಟು ಅಂಗಡಿಯ ಸೋಡಿ ಇದ್ದ ಹಾಗೆ, ಜಾಸ್ತಿ ಮಾಲಿಗೆ ಕಡಿಮೆ ದರ. ಬೆಚ್ಚಿಬೀಳಿಸೋದು ಮುಂದಿನ ಷರತ್ತು. ಅದಕ್ಕೆ ‘ಡ್ರಾಬ್ಯಾಕ್’ ಅಂತಾರೆ. ಹೊರಗಿನವನು ತನ್ನ ಎಣ್ಣೆಗೆ 80 ಸೆಂಟ್ ಕಟ್ಟಿದರೆ ಅದರಲ್ಲೂ 40 ಸೆಂಟ್ ಒಳಗಿನವರಿಗೇ ಹೋಗಬೇಕು! ನಾನು ಬಾಡಿಗೆ ಕಟ್ಟಿದ್ರೆ ಎದುರು ಅಂಗಡಿಯವನ ಗಲ್ಲಾಕ್ಕೆ ದುಡ್ಡು ಬೀಳುತ್ತೆ. ಸಾಲದ್ದಕ್ಕೆ ಯಾರು, ಯಾರಿಗೆ, ಎಷ್ಟು ಎಣ್ಣೆ ಕಳಿಸಿದ್ರು ಅನ್ನೋ ಸಾಗಣೆ ಚೀಟಿಗಳ ನಕಲನ್ನ ರೈಲ್ವೆಗಳು ದಿನಾ ಈ ಕಂಪನಿಗೆ ಕಳಿಸಬೇಕು. ಅಂದ್ರೆ ಎದುರಾಳಿಯ ಗಿರಾಕಿಗಳ ಪಟ್ಟಿಯೂ ಪುಕ್ಕಟೆ.

ಎಮ್ಮೆಕೆರೆ_ಓದುಗ:
ಇದನ್ನ ರೈಲ್ವೆಯವರು ಯಾಕೆ ಒಪ್ಪಿದ್ರು? ಅವರದೇ ದುಡ್ಡು ಅಲ್ವಾ ಕೊಡೋದು?

ಸೀಮೆಎಣ್ಣೆಬುಡ್ಡಿ:
ವ್ಯಾಗನ್ ಲೆಕ್ಕ ನೋಡಿ. ಹತ್ತಾರು ಚಿಕ್ಕ ರಿಫೈನರಿಗಳು ಇವತ್ತು ಎರಡು, ನಾಳೆ ಐದು ವ್ಯಾಗನ್ ಅಂತ ಕೊಟ್ಟರೆ, ಬೇರೆ ಸರಕಿನ ಜೊತೆ ಸೇರಿಸಿ, ಅಲ್ಲಲ್ಲಿ ಬಿಚ್ಚಿ ಜೋಡಿಸಿ, ಹೋಗಿ ಬರೋಕೆ 30 ದಿನ. ದಿನಕ್ಕೆ 60 ವ್ಯಾಗನ್ ಒಬ್ಬನೇ ಖಾತ್ರಿ ಕೊಟ್ಟರೆ ಇಡೀ ರೈಲೇ ಎಣ್ಣೆಯದ್ದು, ನೇರ ಹೋಗಿ ನೇರ ಬರುತ್ತೆ, 10 ದಿನ. ದಿನಾ 60ರ ಹಾಗೆ 30 ದಿನದ ಸುತ್ತಿಗೆ 1,800 ವ್ಯಾಗನ್ ಬೇಕು, 10 ದಿನದ ಸುತ್ತಿಗೆ 600 ಸಾಕು. ಲೇಕ್ ಶೋರ್ ರೈಲ್ವೆಯ ಡೆವರೂ ಮುಂದೆ ಅಫಿಡವಿಟ್‌ನಲ್ಲಿ ಕೊಟ್ಟ ಲೆಕ್ಕವೇ ಇದು. ವ್ಯಾಗನ್ನಿಗೆ 500 ಡಾಲರ್ ಅಂದ್ರೂ 9 ಲಕ್ಷ ಹೂಡೋ ಕಡೆ 3 ಲಕ್ಷದಲ್ಲಿ ಕೆಲಸ ಆಯ್ತು. ಹಾಗಾಗಿ ರಿಬೇಟಿಗೆ ಒಂದು ನ್ಯಾಯವಾದ ಪಾಲಿತ್ತು, ಅದನ್ನ ಒಪ್ಪಬೇಕು. ಡ್ರಾಬ್ಯಾಕಿಗೆ ಮಾತ್ರ ಯಾವ ವ್ಯಾಗನ್ ಲೆಕ್ಕವೂ ಸಮರ್ಥನೆ ಕೊಡಲ್ಲ.

ಕರಾರುಪತ್ರ:
ಆದರೆ ಆ ಕಂಪನಿ ಒಂದು ಪೀಪಾಯಿಯನ್ನೂ ಸಾಗಿಸಲಿಲ್ಲವಲ್ಲ. ಬಾವಿ ಪ್ರದೇಶದವರು ದಂಗೆ ಎದ್ದು ಕಚ್ಚಾ ಎಣ್ಣೆ ಮಾರೋದನ್ನೇ ನಿಲ್ಲಿಸಿದರು, ಏಪ್ರಿಲ್ 1872ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆ ಪರವಾನಗಿ ರದ್ದು ಮಾಡಿತು. ಜಾರಿಗೆ ಬರದ ಕರಾರಿನಿಂದ ಸಂಪತ್ತು ಹೇಗೆ ಸೇರಿತು?

ಸೀಮೆಎಣ್ಣೆಬುಡ್ಡಿ:
ಜಾರಿಗೆ ಬರೋದು ಬೇಕಿರಲಿಲ್ಲ ಸಾರ್, ಬರುತ್ತೆ ಅನ್ನೋ ಭಯ ಸಾಕಿತ್ತು. ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯ ಒಳಗೆ ಕ್ಲೀವ್‌ಲ್ಯಾಂಡಿನ 26 ಎದುರಾಳಿಗಳಲ್ಲಿ 22 ಜನ ರಾಕ್‌ಫೆಲರ್‌ಗೆ ಮಾರಿಬಿಟ್ರು. ಕರಾರು ಸತ್ತಾಗ ಕೊಳ್ಳೋ ಕೆಲಸ ಮುಗಿದಿತ್ತು.

ಡ್ರಾಬ್ಯಾಕ್ ಕೂಡ ಸಾಯಲಿಲ್ಲ. 1885ರಲ್ಲಿ ಓಹಾಯೋದ ಮೇರಿಯೆಟ್ಟಾದಲ್ಲಿ ಜಾರ್ಜ್ ರೈಸ್ ಅನ್ನೋ ಚಿಕ್ಕ ರಿಫೈನರಿಯವನಿಗೆ ಸಾಗಣೆ ದರ ಇದ್ದಕ್ಕಿದ್ದ ಹಾಗೆ ಪೀಪಾಯಿಗೆ 17.5ರಿಂದ 35 ಸೆಂಟ್ ಆಯ್ತು. ಸ್ಟ್ಯಾಂಡರ್ಡ್ ಆಯಿಲ್‌ಗೆ 10 ಸೆಂಟ್. ರೈಸ್ ಕಟ್ಟಿದ 35ರಲ್ಲಿ 25 ಸೆಂಟ್ ಹೋಗ್ತಿದ್ದದ್ದು ಸ್ಟ್ಯಾಂಡರ್ಡ್‌ಗೆ! ಆ ರೈಲ್ವೆ ದಿವಾಳಿಯಾಗಿ ಕೋರ್ಟಿನ ಆಡಳಿತದಲ್ಲಿತ್ತು, ಹಾಗಾಗಿ ಲೆಕ್ಕದ ಪುಸ್ತಕ ಹೊರಬಿತ್ತು, ನ್ಯಾಯಾಧೀಶರು ಆಡಳಿತಗಾರನನ್ನ ಕಿತ್ತುಹಾಕಿದ್ರು. ಇಲ್ಲದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

1887ರಲ್ಲಿ ಅಂತರರಾಜ್ಯ ವಾಣಿಜ್ಯ ಕಾಯ್ದೆ ಬಂದು ದರಪಟ್ಟಿ ಬಹಿರಂಗ ಮಾಡಬೇಕು, ದರ ಏರಿಸೋದಾದ್ರೆ 10 ದಿನ ಮುಂಚೆ ಹೇಳಬೇಕು ಅಂತ ಆಯ್ತು. ತಕ್ಷಣ ದಾರಿ ಬದಲಾಯ್ತು. ಮರದ ಪೀಪಾಯಲ್ಲಿ ಕಳಿಸೋನಿಗೆ ಪೀಪಾಯಿ ತೂಕಕ್ಕೂ ಬಾಡಿಗೆ, ಟ್ಯಾಂಕ್ ವ್ಯಾಗನ್‌ನವನಿಗೆ ಟ್ಯಾಂಕಿನ ತೂಕ ಲೆಕ್ಕಕ್ಕಿಲ್ಲ. ದರಪಟ್ಟಿಯಲ್ಲಿ ಇಬ್ಬರಿಗೂ ಒಂದೇ ದರ, ಕಾನೂನು ಪ್ರಕಾರ ಎಲ್ಲ ಸರಿ. ಟ್ಯಾಂಕ್ ವ್ಯಾಗನ್ ಯಾರದ್ದು ಅಂತ ಬೇರೆ ಹೇಳಬೇಕಿಲ್ಲ. ಸೀಮೆಎಣ್ಣೆ ಮಾತ್ರ 1870ರ ಗ್ಯಾಲನ್ನಿಗೆ ಸುಮಾರು 26 ಸೆಂಟ್‌ನಿಂದ 1885ಕ್ಕೆ 8ರ ಹತ್ತಿರ ಬಂದಿತ್ತು. ಬುಡ್ಡಿ ಹಚ್ಚೋನು ಖುಷಿಯಾಗೇ ಇದ್ದ.

ನಂಜನಗೂಡು_ಪ್ಯಾಸೆಂಜರ್:
ರೈಲ್ವೆ ಕಟ್ಟಿದವರಿಗೆ ಸರ್ಕಾರವೇ ಮೈಲಿಗೆ ಇಷ್ಟು ಅಂತ ಪುಕ್ಕಟೆ ದುಡ್ಡು ಕೊಟ್ಟಿತ್ತಲ್ಲ, ಅದನ್ನೂ ಸೇರಿಸಿ.

ಹಳಿ_ಲೆಕ್ಕ:
ಪುಕ್ಕಟೆ ಅಲ್ಲ, ಈ ತಪ್ಪು ಬಹಳ ಕಡೆ ಇದೆ. ಪೆಸಿಫಿಕ್ ಕಡಲಿನತ್ತ ಹಳಿ ಹಾಕಿದ ಕಂಪನಿಗಳಿಗೆ ಪುಕ್ಕಟೆ ಕೊಟ್ಟದ್ದು ಭೂಮಿ. ದುಡ್ಡಿನದು ಶೇ 6 ಬಡ್ಡಿಯ, 30 ವರ್ಷದ ಸರ್ಕಾರಿ ಬಾಂಡ್, ಅಂದರೆ ಸಾಲ. ಬಯಲಲ್ಲಿ ಮೈಲಿಗೆ 16,000 ಡಾಲರ್, ಎರಡು ಪರ್ವತಶ್ರೇಣಿಗಳ ನಡುವಿನ ಎತ್ತರದ ನಾಡಿನಲ್ಲಿ 32,000, ಪರ್ವತದಲ್ಲಿ 48,000.

ಈಗ ‘ಪರ್ವತ ಎಲ್ಲಿ ಶುರು’ ಅನ್ನೋದೇ ದುಡ್ಡಿನ ಪ್ರಶ್ನೆ ಆಯ್ತಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಭೂವಿಜ್ಞಾನಿ ಜೋಸಯ ವಿಟ್ನಿ, ಸಿಯೆರಾ ನೆವಾಡಾದ ಬುಡ ಸ್ಯಾಕ್ರಮೆಂಟೊದಿಂದ ಏಳು ಮೈಲಿಯಷ್ಟೇ ದೂರದ ಆರ್ಕೇಡ್ ಕ್ರೀಕ್ ಹತ್ತಿರವೇ ಇದೆ ಅಂತ ಬರೆದುಕೊಟ್ಟ, ಲಿಂಕನ್ ಒಪ್ಪಿದರು. ಅಲ್ಲಿ ನಿಂತರೆ ಕಣ್ಣಿಗೆ ಕಾಣೋದು ಚಪ್ಪಟೆ ಬಯಲು. ಗುಡ್ಡ ಇನ್ನೂ ಎಷ್ಟೋ ಮೈಲಿ ಆಚೆ. ಅಷ್ಟೂ ಮೈಲಿಗೆ 16ರ ಜಾಗದಲ್ಲಿ 48 ಸಾವಿರ.

ಪೂರ್ವದಿಂದ ಹಳಿ ಹಾಕುತ್ತಿದ್ದ ಯೂನಿಯನ್ ಪೆಸಿಫಿಕ್ ಕಂಪನಿ ಕಡೆ ಬೇರೆ ತಂತ್ರ, ಕ್ರೆಡಿ ಮೊಬಿಲಿಯೆ. ರೈಲ್ವೆ ನಡೆಸುವವರೇ ಒಂದು ಕಟ್ಟಡ ಗುತ್ತಿಗೆ ಕಂಪನಿ ಮಾಡಿಕೊಂಡು, ತಮ್ಮ ರೈಲ್ವೆಯಿಂದ ತಮಗೇ ಗುತ್ತಿಗೆ ಕೊಟ್ಟುಕೊಂಡರು. ಗುತ್ತಿಗೆ ದರ ನಿಜ ಖರ್ಚಿಗಿಂತ ಎಷ್ಟೋ ಮೇಲೆ. ಲಾಭ ಗುತ್ತಿಗೆ ಕಂಪನಿಗೆ ಕೂಡಲೇ ಬಂತು, ಸಾಲ ರೈಲ್ವೆ ತಲೆ ಮೇಲೆ ಉಳಿಯಿತು. ವಿಚಾರಣೆ ಆಗಬಾರದು ಅಂತ ಸಂಸದ ಓಕ್ಸ್ ಏಮ್ಸ್ ತನ್ನ ಜೊತೆಯ ಸಂಸದರಿಗೆ ಷೇರುಗಳನ್ನು ಮುಖಬೆಲೆಗೆ ಹಂಚಿದ. ಕೈಯಲ್ಲಿ ಕಾಸಿಲ್ಲದವರಿಗೆ ಡಿವಿಡೆಂಡ್ ಬಂದ ಮೇಲೆ ಅದರಲ್ಲೇ ಕಟ್ಟಿ ಅಂತ ಅನುಕೂಲ. 1872ರಲ್ಲಿ ಪತ್ರಿಕೆಯಲ್ಲಿ ಬಯಲಾಯ್ತು.

ಸಾಲ ಹೊತ್ತ ರೈಲ್ವೆ ಎಲ್ಲಿಂದ ತೀರಿಸಬೇಕು? ಬಾಡಿಗೆಯಿಂದ. ಎರಡು ಮೂರು ರೈಲು ಕಂಪನಿಗಳು ಪೈಪೋಟಿ ಮಾಡುವ ಷಿಕಾಗೊ–ನ್ಯೂಯಾರ್ಕ್ ನಡುವೆ ದರ ಏರಿಸೋಕಾಗಲ್ಲ, ಆಗ ಒಂದೇ ಹಳಿ ಇರುವ ಒಳನಾಡಿನ ರೈತನ ಮೇಲೆ ಹಾಕಬೇಕು. ಕಡಿಮೆ ದೂರಕ್ಕೆ ಹೆಚ್ಚು ಬಾಡಿಗೆ ಅನ್ನೋ ವಿಚಿತ್ರ ಹುಟ್ಟಿದ್ದು ಹೀಗೆ.

ಅಡಮಾನ_ಪುಟ:
ರೈತನ ಮಾತು ಬಂತಲ್ಲ, ಮೂಲ ಪ್ರಶ್ನೆಯ ‘ಬೆಲೆ ಇಳಿದರೆ ಲಾಭ ತಾನೇ’ ಅನ್ನೋದಕ್ಕೆ ಉತ್ತರ ಇಲ್ಲಿದೆ. ಗೋಧಿ ಬುಷೆಲ್‌ಗೆ (ಧಾನ್ಯದ ಒಂದು ಅಳತೆ) 1 ಡಾಲರ್ ಇದ್ದಾಗ 1,000 ಡಾಲರ್ ಸಾಲ ಮಾಡಿ ಹೊಲ ಅಡವಿಟ್ಟವನ ಸಾಲ 1,000 ಬುಷೆಲ್. 1894ರಲ್ಲಿ ಗೋಧಿ 50 ಸೆಂಟ್‌ಗೆ ಬಿತ್ತು. ಪತ್ರದಲ್ಲಿ ಅದೇ 1,000 ಡಾಲರ್, ಹೊಲದಲ್ಲಿ ಮಾತ್ರ ಈಗ 2,000 ಬುಷೆಲ್. ಬಡ್ಡಿ ಬೇರೆ. ಬೆಲೆ ಇಳಿದಷ್ಟೂ ಸಾಲ ಕೊಟ್ಟವನ ಡಾಲರ್ ದಪ್ಪವಾಗುತ್ತಾ ಹೋಯ್ತು.

ಇದರ ಹಿಂದೆ 1873ರ ನಾಣ್ಯ ಕಾಯ್ದೆ ಇದೆ. ಬೆಳ್ಳಿ ಡಾಲರ್ ಕೈಬಿಟ್ಟರು. 1879ರಿಂದ ನೋಟು ಕೊಟ್ಟರೆ ಚಿನ್ನ ಕೊಡಬೇಕು ಅಂತ ಆಯ್ತು. ಸರಕು ಬೆಳೆದ ವೇಗದಲ್ಲಿ ಚಿನ್ನ ಬೆಳೆಯಲಿಲ್ಲ. 1890ರ ದಶಕದ ಕೊನೆಗೆ ದಕ್ಷಿಣ ಆಫ್ರಿಕಾದ ಚಿನ್ನ ಹರಿದುಬಂದ ಮೇಲೆ ಬೆಲೆ ಮತ್ತೆ ಏರತೊಡಗಿತು. ಪುಡಿ ಮಾಡಿದ ಅದಿರಿನಿಂದ ಸಯನೈಡ್ ದ್ರಾವಣದಲ್ಲಿ ಚಿನ್ನ ಬಿಡಿಸುವ ವಿಧಾನ ಅದನ್ನು ಸಾಧ್ಯ ಮಾಡಿತ್ತು. ನಮ್ಮ ಕೋಲಾರದ ಚಿನ್ನವೂ ಆ ಕಾಲದಲ್ಲಿ ಲಂಡನ್ನಿಗೇ ಹಡಗು ಹತ್ತುತ್ತಿತ್ತು. ಅಂದ ಹಾಗೆ ಆ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುತ್ ಕೊಟ್ಟಾಗ ಜನರೇಟರ್‌ಗಳು ಬಂದದ್ದು ಜನರಲ್ ಎಲೆಕ್ಟ್ರಿಕ್‌ನಿಂದ. 1892ರಲ್ಲಿ ಬ್ಯಾಂಕರ್ ಮಾರ್ಗನ್ ಹಣದ ಬಲದಿಂದ ಎಡಿಸನ್ನನ ಕಂಪನಿಯನ್ನೂ ಥಾಮ್ಸನ್–ಹೌಸ್ಟನ್ನನ್ನೂ ಬೆಸೆದು ಮಾಡಿದ ಕಂಪನಿ ಅದು.

ನಂಜನಗೂಡು_ಪ್ಯಾಸೆಂಜರ್:
ಸಾಲ ಅನ್ನೋದು ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದಾಯ ತೆರಿಗೆ ಇರಲಿಲ್ವಾ?

ಕರಾರುಪತ್ರ:
ಅಂತರ್ಯುದ್ಧದ ಕಾಲದ ತೆರಿಗೆ 1872ಕ್ಕೆ ಮುಗೀತು. 1894ರಲ್ಲಿ 4,000 ಡಾಲರ್ ಮೇಲಿನ ಆದಾಯಕ್ಕೆ ಶೇ 2 ಹಾಕಿದರು, 1895ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. 1913ರ ತಿದ್ದುಪಡಿ ತನಕ ಇಲ್ಲ. ಅದೇ 1895ರಲ್ಲಿ ಅದೇ ಕೋರ್ಟು, ದೇಶದ ಸಕ್ಕರೆ ಶುದ್ಧೀಕರಣದ ಶೇ 98 ಹಿಡಿದಿದ್ದ ಕೂಟ ‘ತಯಾರಿಕೆ ಮಾಡುತ್ತದೆ, ವಾಣಿಜ್ಯ ಅಲ್ಲ’ ಅಂತ ಏಕಸ್ವಾಮ್ಯ ತಡೆಯುವ ಶರ್ಮನ್ ಕಾಯ್ದೆಯಿಂದ ಬಿಟ್ಟುಬಿಟ್ಟಿತು.

ವಠಾರ_ಏಳನೇ_ಮನೆ:
ಎಲ್ಲರೂ ಕಾರ್ಖಾನೆ, ರೈಲು ಅಂತಿದ್ದೀರಿ. ಕೂಲಿ ಕೈಗೆ ಬಂದ ಮೇಲೆ ಎಲ್ಲಿ ಹೋಯ್ತು? ನ್ಯೂಯಾರ್ಕ್‌ನ ವಠಾರದ ನಕ್ಷೆ ತೆಗೆದು ನೋಡಿ. ಸೈಟು 25 ಅಡಿ ಅಗಲ, 100 ಅಡಿ ಉದ್ದ. 1879ರ ಕಾನೂನು ಪ್ರತಿ ಮಲಗುವ ಕೋಣೆಗೂ ಗಾಳಿಗೆ ತೆರೆಯುವ ಕಿಟಕಿ ಇರಬೇಕು ಅಂದಿತು. ಮಾಲೀಕರು ಕಟ್ಟಡದ ನಡುವನ್ನು ಎರಡೂ ಪಕ್ಕ ಸ್ವಲ್ಪ ಕಿರಿದು ಮಾಡಿ, 28 ಇಂಚಿನ ಗಾಳಿಗೂಡು ಬಿಟ್ಟರು. ಮೇಲಿಂದ ನೋಡಿದರೆ ಡಂಬೆಲ್ ಆಕಾರ. ಒಂದು ಮಹಡಿಗೆ ನಾಲ್ಕು ಮನೆ, ಹದಿನಾಲ್ಕು ಕೋಣೆ. ಬೀದಿಯಿಂದಲೋ ಹಿತ್ತಲಿಂದಲೋ ನೇರ ಬೆಳಕು ನಾಲ್ಕಕ್ಕೆ ಮಾತ್ರ. ಉಳಿದ ಹತ್ತಕ್ಕೆ ಆ ಗೂಡೇ ಗತಿ. ಪಾಯಿಖಾನೆ ಎರಡು, ಮನೆಗಳ ನಡುವಿನ ಕಾರಿಡಾರ್‌ನಲ್ಲಿ, ಮಹಡಿಯವರಿಗೆಲ್ಲ.

ಕಿಟಕಿ ಇತ್ತು, ಕಾನೂನು ಪಾಲನೆ ಆಯ್ತು. ಐದಾರು ಮಹಡಿ ಆಳದ ಆ ಸಂದಿಯ ತಳಕ್ಕೆ ಹೋಗಿ ಗುಡಿಸುವ ದಾರಿ ಸರಿಯಾಗಿರಲಿಲ್ಲ. ಮೇಲಿನವರು ಕಸ ಎಸೆದರು, ಅದು ಅಲ್ಲೇ ಕೊಳೆಯಿತು. ಕೆಳಗಿನವರು ನಾತ ತಾಳದೆ ಕಿಟಕಿ ಮುಚ್ಚಿದರು. ಬೆಂಕಿ ಬಿದ್ದರೆ ಅದೇ ಗೂಡು ಹೊಗೆಕೊಳವೆಯ ಹಾಗೆ ಜ್ವಾಲೆಯನ್ನು ತಳದಿಂದ ಮೇಲಕ್ಕೆ ಎಳೆದು ಎಲ್ಲ ಮಹಡಿಗೂ ಹಂಚುತ್ತಿತ್ತು. 1901ರ ಕಾನೂನು ನಿಜವಾದ ಅಂಗಳ ಬಿಡಬೇಕು ಅಂದ ಮೇಲೆ 25 ಅಡಿ ಸೈಟಿನಲ್ಲಿ ಕಟ್ಟುವುದೇ ಲಾಭವಿಲ್ಲದ ಕೆಲಸವಾಯ್ತು, ಡಂಬೆಲ್ ನಿಂತಿತು.

ಎಮ್ಮೆಕೆರೆ_ಓದುಗ:
ಕಣ್ಣಿಗೆ ಕಟ್ಟಿತು. ಕೊನೇ ಪ್ರಶ್ನೆ: ಹೋಮ್‌ಸ್ಟೆಡ್ ಸೋತ ಮೇಲೆ ಕೆಲಸಗಾರನ ದಿನ ಹೇಗಿತ್ತು?

ಬೀಡುಕಬ್ಬಿಣ:
ಕುಲುಮೆ ಆರಿಸೋಕಾಗಲ್ಲ, ಆರಿದರೆ ಒಳಪದರ ಬಿರುಕು ಬಿಡುತ್ತದೆ. ಹಾಗಾಗಿ 24 ಗಂಟೆಗೂ ಆಳು ಬೇಕು. 8 ಗಂಟೆಯ ಮೂರು ಪಾಳಿ ಮಾಡಿದರೆ ಒಂದೂವರೆ ಪಟ್ಟು ಆಳು ಬೇಕು, ಅದಕ್ಕೆ 12 ಗಂಟೆಯ ಎರಡೇ ಪಾಳಿ. ತೊಡಕು ಬರೋದು ಹಗಲಿನವರು ರಾತ್ರಿಗೆ, ರಾತ್ರಿಯವರು ಹಗಲಿಗೆ ಬದಲಾಗುವಾಗ. ಮೂರನೇ ತಂಡ ಇಲ್ಲವಲ್ಲ. ಎರಡು ವಾರಕ್ಕೊಮ್ಮೆ ಒಂದು ತಂಡ ಸತತ 24 ಗಂಟೆ ನಿಂತು ದುಡಿಯಿತು, ಆಗಲೇ ಇನ್ನೊಂದಕ್ಕೆ 24 ಗಂಟೆ ಬಿಡುವು. ಇದಕ್ಕೆ ‘ಲಾಂಗ್ ಟರ್ನ್’ ಅಂತ ಹೆಸರು. ಕಾರ್ನೆಗಿ ತನ್ನ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿ, 1901ರಲ್ಲಿ ಅದು ಯು.ಎಸ್. ಸ್ಟೀಲ್‌ನೊಳಗೆ ಹೋದ ಮೇಲೂ ಪಾಳಿ ಅದೇ. ಉಕ್ಕಿನ ಕಂಪನಿಗಳು 12 ಗಂಟೆ ಬಿಡಲು ಶುರುಮಾಡಿದ್ದು 1923ರ ಆಗಸ್ಟ್‌ನಲ್ಲಿ.